ತಪ್ಪಿಲ್ಲದ ಹೊಣೆ: ದುಡಿಮೆಯ ಗಾಯ ಮತ್ತು ಕರ್ತೃತ್ವದ ಪ್ರಶ್ನೆ

ಕೆಲಸದ ನಡುವೆ ಕಾರ್ಮಿಕನ ಕೈಯೋ ಕಾಲೋ ಯಂತ್ರಕ್ಕೆ ಸಿಕ್ಕಿ ಜಖಂಗೊಂಡರೆ, ಮಾಲೀಕನ ಕಡೆಯಿಂದ ಯಾವ ತಪ್ಪೂ ನಡೆದಿಲ್ಲವೆಂದು ಸಿದ್ಧವಾದರೂ ಆತನೇ ಪರಿಹಾರ ಕೊಡತಕ್ಕದ್ದು ಎಂಬುದು 1924ರ ಜುಲೈ 1ರಿಂದ ಭಾರತದ ಕಾನೂನು. 1923ರಲ್ಲಿ ರೂಪುಗೊಂಡ ಕೆಲಸಗಾರರ ಪರಿಹಾರ ಕಾಯಿದೆ 2010ರಲ್ಲಿ ನೌಕರರ ಪರಿಹಾರ ಕಾಯಿದೆಯೆಂದು ಹೆಸರು ಬದಲಿಸಿಕೊಂಡಿತು. ಅದರ ತಿರುಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಏಳನೆಯ ಅಧ್ಯಾಯವಾಗಿ ಕುಳಿತಿದೆ. ನ್ಯಾಯವಾದಿಗಳಿಗೆ ಇದು ದಿನನಿತ್ಯದ ವ್ಯವಹಾರವಾದರೂ, ಧರ್ಮಾಧರ್ಮಗಳನ್ನು ಮಾಡಿದವನ ಮಾಡುವಿಕೆಗೆ ಗಂಟುಹಾಕಿ ಯೋಚಿಸುವುದನ್ನು ರೂಢಿಮಾಡಿಕೊಂಡ ಮನಸ್ಸಿಗೆ ಇದೊಂದು ಒಗಟು. ಮಾಡದ ತಪ್ಪಿಗೆ ತೆರುವ ಹಣವನ್ನು ದಂಡವೆನ್ನಲಾಗದು, ಏಕೆಂದರೆ ಅಪರಾಧವಿಲ್ಲ. ಪ್ರಾಯಶ್ಚಿತ್ತವೆನ್ನಲಾಗದು, ಏಕೆಂದರೆ ಪಾಪವಿಲ್ಲ. ದಾನವೆನ್ನಲಾಗದು, ಏಕೆಂದರೆ ಕೊಡದಿದ್ದರೆ ಜಪ್ತಿ ಬರುತ್ತದೆ. ಹಾಗಾದರೆ ಅದು ಏನು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ, ಒಂದು ಅಪಘಾತದಲ್ಲಿ 'ಮಾಡಿದವನು' ಎಂದರೆ ಯಾರು ಎಂಬುದನ್ನು ಮೊದಲು ನಿಧಾನವಾಗಿ ಬಿಡಿಸಿ ನೋಡಬೇಕಾಗುತ್ತದೆ.

ಇದಕ್ಕೆ ಫೋರ್ಕ್‌ಲಿಫ್ಟಿಗಿಂತ ತಕ್ಕ ನಿದರ್ಶನ ಸಿಗುವುದು ಕಷ್ಟ. ಪೀಣ್ಯ, ಬೊಮ್ಮಸಂದ್ರ, ಬಿಡದಿಗಳ ಕಾರ್ಖಾನೆಗಳಲ್ಲಿ, ನೆಲಮಂಗಲ, ಹೊಸಕೋಟೆಗಳ ಸುತ್ತ ಎದ್ದಿರುವ ಗೋದಾಮುಗಳಲ್ಲಿ, ಹಿಂದೆ ಹಮಾಲರ ಬೆನ್ನು ಹೊರುತ್ತಿದ್ದ ಹೊರೆಯನ್ನು ಎರಡು ಉಕ್ಕಿನ ನಾಲಿಗೆಗಳ ಮೇಲೆ ಎತ್ತಿ ಅಟ್ಟಣಿಗೆಗಳಲ್ಲಿ ಜೋಡಿಸುವ ಈ ವಾಹನದ ರಚನೆಯಲ್ಲೇ ಅಪಾಯ ಹುದುಗಿದೆ. ಮುಂದಿನ ಗಾಲಿಗಳ ಅಚ್ಚಿನ ಮುಂದಕ್ಕೆ ಸರಕು, ಹಿಂದಕ್ಕೆ ಅದನ್ನು ಸರಿತೂಗಿಸುವ ಎರಕದ ಭಾರ. ಎರಡೂವರೆ ಟನ್ ಎತ್ತುವ ಸಾಮಾನ್ಯ ಯಂತ್ರದ ಸ್ವಂತ ತೂಕವೇ ಮೂರೂವರೆ ಟನ್ನಿಗೂ ಹೆಚ್ಚು. ಮುಂದಿನ ಎರಡು ಗಾಲಿಗಳು ಮತ್ತು ಹಿಂದಿನ ಅಚ್ಚು ತಿರುಗುವ ನಡುಬಿಂದು, ಈ ಮೂರನ್ನು ಕೂಡಿಸಿದರೆ ಆಗುವ ತ್ರಿಕೋನದ ಒಳಗೆ ಒಟ್ಟು ಭಾರದ ಕೇಂದ್ರ ಇರುವವರೆಗೆ ಮಾತ್ರ ಯಂತ್ರ ನಿಂತಿರುತ್ತದೆ, ಹೊರೆಯನ್ನು ಎತ್ತರಕ್ಕೆ ಏರಿಸಿದಷ್ಟೂ, ತಿರುವಿನಲ್ಲಿ ವೇಗ ಹೆಚ್ಚಿದಷ್ಟೂ ಆ ಕೇಂದ್ರ ಅಂಚಿಗೆ ಸರಿಯುತ್ತದೆ. ತಿರುಗುವುದು ಹಿಂದಿನ ಗಾಲಿಗಳಾದ್ದರಿಂದ ಬಾಲ ಹೊರಕ್ಕೆ ಬೀಸುತ್ತದೆ, ಪಕ್ಕದಲ್ಲಿ ನಿಂತವನು ಯಂತ್ರ ಅತ್ತ ಹೋಯಿತೆಂದು ನಂಬಿದ ಗಳಿಗೆಯಲ್ಲೇ ಅದರ ಹಿಂಭಾಗ ಅವನನ್ನು ಗೋಡೆಗೆ ಒತ್ತಿರುತ್ತದೆ. ಎತ್ತರದ ಸರಕು ಚಾಲಕನ ಕಣ್ಣನ್ನು ಮರೆಮಾಡುವುದರಿಂದ ಎಷ್ಟೋ ಹೊತ್ತು ಹಿಮ್ಮುಖವಾಗಿಯೇ ಓಡಿಸಬೇಕು. ಇನ್ನು ಯಂತ್ರ ಮಗುಚುವಾಗ ಹೊರಕ್ಕೆ ಜಿಗಿಯುವುದು ಮೈಯ ಸಹಜ ಪ್ರವೃತ್ತಿ; ಆದರೆ ಜಿಗಿದವನ ಮೇಲೆಯೇ ತಲೆಗಾಪಿನ ಚೌಕಟ್ಟು ಬಂದು ಬೀಳುವುದರಿಂದ, ಸೊಂಟಪಟ್ಟಿ ಬಿಗಿದು ಆಸನದಲ್ಲೇ ಗಟ್ಟಿಯಾಗಿ ಕೂರುವುದು ಬದುಕುವ ದಾರಿ, ಮತ್ತು ಇದನ್ನು ಯಾರೂ ಹುಟ್ಟಿನಿಂದ ಅರಿತಿರುವುದಿಲ್ಲ, ಯಾರಾದರೂ ಕಲಿಸಿಯೇ ತೀರಬೇಕು.

ಇಂಥ ಅಪಘಾತದಲ್ಲಿ ಕರ್ತೃ ಯಾರೆಂಬುದಕ್ಕೆ ಮೇಲ್ವಿಚಾರಕನ ಪಂಚನಾಮೆ ಸಾಮಾನ್ಯವಾಗಿ ಕೊಡುವ ಉತ್ತರ 'ಚಾಲಕನ ಅಜಾಗರೂಕತೆ' ಎಂಬುದು. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಇದಕ್ಕಿಂತ ಎಚ್ಚರದ ವಿಶ್ಲೇಷಣೆಯೊಂದನ್ನು ಮುಂದಿಡುತ್ತದೆ. ಯಾವುದೇ ಕರ್ಮ ನಡೆಯಬೇಕಾದರೆ ಅಧಿಷ್ಠಾನ, ಕರ್ತೃ, ಬಗೆಬಗೆಯ ಕರಣಗಳು, ಬೇರೆಬೇರೆ ಚೇಷ್ಟೆಗಳು, ಐದನೆಯದಾಗಿ ದೈವ, ಹೀಗೆ ಐದು ಕಾರಣಗಳು ಕೂಡಬೇಕೆಂದೂ, ಹೀಗಿರುವಾಗ ತಾನೊಬ್ಬನೇ ಕರ್ತೃವೆಂದು ಕಾಣುವವನು ಸರಿಯಾಗಿ ಕಾಣುತ್ತಿಲ್ಲವೆಂದೂ ಅಲ್ಲಿ ಹೇಳಿದೆ. ಅಧಿಷ್ಠಾನವೆಂದರೆ ಶರೀರ, ಕರಣಗಳೆಂದರೆ ಇಂದ್ರಿಯಗಳು ಎಂದು ಭಾಷ್ಯಕಾರರು ಬಿಡಿಸಿದ್ದಾರೆ. ದೈವವೆಂಬಲ್ಲಿ ಶಂಕರರು ಇಂದ್ರಿಯಗಳಿಗೆ ಅನುಗ್ರಹ ಮಾಡುವ ಆದಿತ್ಯಾದಿ ದೇವತೆಗಳನ್ನೂ, ರಾಮಾನುಜರು ಒಳಗಿದ್ದು ನಡೆಸುವ ಪರಮಾತ್ಮನನ್ನೂ ಕಾಣುತ್ತಾರೆ. ಈ ಚೌಕಟ್ಟನ್ನು ಗೋದಾಮಿನ ನೆಲಕ್ಕೆ ಇಳಿಸಿ ನೋಡಿದರೆ ಅಪಘಾತದ ಚಿತ್ರ ಬೇರೆಯೇ ಆಗುತ್ತದೆ. ಅಧಿಷ್ಠಾನವಾದ ಶರೀರ ಎರಡನೆಯ ಪಾಳಿಯ ಕೊನೆಗೆ ತೂಕಡಿಸುತ್ತಿರುವ ಶರೀರ. ಕರ್ತೃವಾದ ಚಾಲಕ ಕಾರು ಓಡಿಸುವ ಪರವಾನಗಿಯ ಬಲದ ಮೇಲೆ ಈ ಯಂತ್ರಕ್ಕೆ ಹತ್ತಿಸಲ್ಪಟ್ಟವನು. ಕರಣವಾದ ಯಂತ್ರದ ಹಿಮ್ಮುಖ ಎಚ್ಚರಿಕೆಯ ಗಂಟೆ ಕೆಟ್ಟು ಎಷ್ಟು ದಿನವಾಯಿತೋ. ಚೇಷ್ಟೆಗಳೆಂದರೆ ಸಂಜೆಯೊಳಗೆ ಇಷ್ಟು ಲಾರಿ ಖಾಲಿಯಾಗಬೇಕೆಂಬ ಗುರಿಯ ಅವಸರ, ನಡೆಯುವವರಿಗೂ ವಾಹನಕ್ಕೂ ಒಂದೇ ಓಣಿ. ದೈವದ ಪಾಲಿಗೆ ಉಳಿಯುವುದು ಆ ಕ್ಷಣದಲ್ಲಿ ಆ ಮನುಷ್ಯ ಆ ತಿರುವಿನಲ್ಲಿ ಕಾಲಿಟ್ಟದ್ದು ಮಾತ್ರ.

ಐದರಲ್ಲಿ ನಾಲ್ಕನ್ನು ಹೊಂದಿಸಿಟ್ಟವನು ಒಬ್ಬನೇ, ಮತ್ತು ಅವನು ಅಪಘಾತದ ಸ್ಥಳದಲ್ಲಿ ಇರಲೇ ಇಲ್ಲ. ಪಾಳಿಯ ಉದ್ದ, ಚಾಲಕನ ಆಯ್ಕೆ ಮತ್ತು ತರಬೇತಿ, ಯಂತ್ರದ ಖರೀದಿ ಮತ್ತು ದುರಸ್ತಿ, ಓಣಿಯ ಅಗಲ ಮತ್ತು ಕೆಲಸದ ವೇಗ ಇವೆಲ್ಲ ಮಾಲೀಕನ ಸಂಕಲ್ಪದಿಂದ ಆದವು. ಇವುಗಳಲ್ಲಿ ಯಾವುದೊಂದೂ ತಾನಾಗಿಯೇ ತಪ್ಪು ಎನಿಸದಿರಬಹುದು, ಕಾರ್ಖಾನೆಗಳ ಕಾಯಿದೆಯ ಎಲ್ಲ ನಿಯಮಗಳನ್ನೂ ಆತ ಪಾಲಿಸಿರಬಹುದು, ಆದರೂ ಗಾಯವೆಂಬ ಫಲ ಈ ನಾಲ್ಕರ ಕೂಟದಿಂದಲೇ ಹುಟ್ಟಿತು. ಐದನೆಯದಾದ ದೈವವನ್ನೂ ಆತನ ಲೆಕ್ಕಕ್ಕೇ ಬರೆಯುವುದಕ್ಕೆ ಬೇರೊಂದು ನ್ಯಾಯವಿದೆ: ಅದೇ ದೈವ ಅನುಕೂಲವಾದ ದಿನಗಳ ಲಾಭ ಯಾರ ಪೆಟ್ಟಿಗೆಗೆ ಹೋಯಿತೋ, ಪ್ರತಿಕೂಲವಾದ ದಿನದ ನಷ್ಟವೂ ಅಲ್ಲಿಗೇ ಹೋಗಬೇಕಲ್ಲವೇ? ತಪ್ಪಿಲ್ಲದ ಹೊಣೆ ಎಂಬ ತತ್ತ್ವದ ನೆಲೆ ಇದು. ಅದು ಮಾಲೀಕನನ್ನು ಅಪರಾಧಿಯೆನ್ನುವುದಿಲ್ಲ. ಕರ್ತೃತ್ವ ಹಂಚಿಹೋಗಿರುವಲ್ಲಿ ಅಪರಾಧಿಯನ್ನು ಹುಡುಕುವ ಕೆಲಸವನ್ನೇ ಬದಿಗಿಟ್ಟು, ಹೊರೆ ಹೊರುವವರು ಯಾರೆಂಬುದನ್ನು ಮಾತ್ರ ನಿರ್ಧರಿಸುತ್ತದೆ.

ಗೀತೆಯ ಆ ಮಾತು ಮಾಲೀಕರ ಹೊಣೆಯನ್ನು ಸ್ಥಾಪಿಸಲು ಹೊರಟದ್ದಲ್ಲವೆಂಬುದನ್ನು ಮರೆಯುವಂತಿಲ್ಲ. ಆತ್ಮ ಅಕರ್ತೃವೆಂದು ತೋರಿಸಿ ಅಹಂಕಾರವನ್ನು ಕಳಚುವುದು ಅದರ ಗುರಿ, ಮುಂದಿನ ಶ್ಲೋಕವಂತೂ ಅಹಂಭಾವವಿಲ್ಲದವನು ಕೊಂದರೂ ಕೊಂದವನಲ್ಲ ಎಂಬ ಕಡಿದಾದ ನಿಲುವಿಗೆ ಏರುತ್ತದೆ. ಈ ಎತ್ತರದ ಮಾತನ್ನು ಲೆಕ್ಕದ ಪುಸ್ತಕಕ್ಕೆ ಎಳೆದು, ಯಾರೂ ಕರ್ತೃವಲ್ಲವಾದ್ದರಿಂದ ಯಾರೂ ಕೊಡಬೇಕಾಗಿಲ್ಲ ಎನ್ನುವ ಅಪಾಯ ಇದ್ದೇ ಇದೆ. ಆದರೆ ಅಕರ್ತೃತ್ವ ಸಾಧಕನು ತನ್ನ ಬಗ್ಗೆ ತಾನು ಕಂಡುಕೊಳ್ಳಬೇಕಾದದ್ದೇ ಹೊರತು ಕಾಲು ಕಳೆದುಕೊಂಡವನ ಎದುರು ನಿಂತು ಹೇಳಬಹುದಾದದ್ದಲ್ಲ. ಪಂಚಕಾರಣಗಳ ವಿಶ್ಲೇಷಣೆ ಒಬ್ಬನೇ ಕರ್ತೃವೆಂಬ ಭ್ರಮೆಯನ್ನು ಕಡಿಯುತ್ತದೆ. ಪಾಲುದಾರರು ಇಲ್ಲವೆಂದು ಅದು ಎಲ್ಲಿಯೂ ಹೇಳಿಲ್ಲ.

ಇದಕ್ಕಿಂತ ಹೆಚ್ಚು ಬಳಕೆಯಲ್ಲಿರುವುದೂ ಹೆಚ್ಚು ಹಾನಿ ಮಾಡಿರುವುದೂ 'ಅವನ ಪ್ರಾರಬ್ಧ' ಎಂಬ ವಿವರಣೆ. ಗಾಯವು ಗಾಯಗೊಂಡವನದೇ ಪೂರ್ವಕರ್ಮದ ಫಲವಾದರೆ ಕರ್ತೃ ಅವನೇ ಆಗಿಬಿಡುತ್ತಾನೆ, ಮಾಲೀಕ ಕೇವಲ ನಿಮಿತ್ತನಾಗುತ್ತಾನೆ. ಈ ವಾದಕ್ಕೆ ಭಾರತೀಯ ಚಿಂತನೆಯೊಳಗಿನಿಂದಲೇ ಬಂದ ಉತ್ತರಗಳಲ್ಲಿ ತೀರ ಸ್ಪಷ್ಟವಾದದ್ದು ಸಂಯುತ್ತ ನಿಕಾಯದಲ್ಲಿದೆ. ಮನುಷ್ಯ ಅನುಭವಿಸುವ ಸುಖದುಃಖಗಳೆಲ್ಲ ಹಿಂದೆ ಮಾಡಿದ ಕರ್ಮದಿಂದಲೇ ಎಂಬ ಮತದ ಬಗ್ಗೆ ಸೀವಕನೆಂಬ ಪರಿವ್ರಾಜಕ ಕೇಳಿದಾಗ ಬುದ್ಧ ಎಂಟು ಕಾರಣಗಳನ್ನು ಎಣಿಸುತ್ತಾನೆ: ಪಿತ್ತ, ಶ್ಲೇಷ್ಮ, ವಾತ, ಇವುಗಳ ಕೂಟ, ಋತುವಿನ ಬದಲಾವಣೆ, ದೇಹವನ್ನು ವಿಷಮವಾಗಿ ಬಳಸುವುದು, ಹೊರಗಿನ ಪೆಟ್ಟು, ಕೊನೆಗೆ ಕರ್ಮಫಲ. ಎಲ್ಲವೂ ಕರ್ಮದಿಂದಲೇ ಎನ್ನುವವರು ತಾವೇ ಕಂಡದ್ದನ್ನೂ ಲೋಕಸತ್ಯವನ್ನೂ ಮೀರಿ ಮಾತಾಡುತ್ತಾರೆ ಎಂಬುದು ಅಲ್ಲಿಯ ತೀರ್ಮಾನ. ವಿಷಮ ಬಳಕೆ ಮತ್ತು ಹೊರಗಿನ ಪೆಟ್ಟುಗಳೆರಡೂ ಗೋದಾಮಿಗೆ ನೇರವಾಗಿ ಅನ್ವಯಿಸುತ್ತವೆ ಎಂಬುದಕ್ಕೆ ವ್ಯಾಖ್ಯಾನ ಬೇಕಿಲ್ಲ. ಜೈನ ಶಾಸ್ತ್ರ ಕರ್ಮಸಿದ್ಧಾಂತವನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದಿದ್ದರೂ, ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಕೊಡುವಾಗ ಅದು ದ್ವೇಷವನ್ನಲ್ಲ, ಪ್ರಮಾದವನ್ನು, ಅಂದರೆ ಎಚ್ಚರಗೇಡಿತನದ ನಡೆಯನ್ನು, ಮೂಲದಲ್ಲಿಡುತ್ತದೆ. ನೋಯಿಸುವ ಮನಸ್ಸಿಲ್ಲದವನೂ ಎಚ್ಚರವಿಲ್ಲದಿದ್ದರೆ ಹಿಂಸಕನೇ. ನೊಂದವನ ಪೂರ್ವಜನ್ಮವನ್ನು ಮಾಲೀಕನ ರಕ್ಷಣೆಗೆ ಕರೆಯುವ ಪದ್ಧತಿಗೆ ಶಾಸ್ತ್ರದ ಬೆಂಬಲ ಜನ ತಿಳಿದಷ್ಟು ಗಟ್ಟಿಯಾಗಿಲ್ಲ.

ಧರ್ಮಶಾಸ್ತ್ರಗಳು ಈ ಪ್ರಶ್ನೆಯನ್ನು ತತ್ತ್ವದ ಮಟ್ಟದಲ್ಲಷ್ಟೇ ಅಲ್ಲ, ಗಾಡಿಯ ಮಟ್ಟದಲ್ಲೂ ಚರ್ಚಿಸಿವೆ. ಎತ್ತಿನ ಮೂಗುದಾರ ಹರಿದಾಗ, ನೊಗ ಮುರಿದಾಗ, ಅಚ್ಚು ಅಥವಾ ಗಾಲಿ ಒಡೆದಾಗ, ಗಾಡಿ ಅಡ್ಡಕ್ಕೋ ಹಿಂದಕ್ಕೋ ಸರಿದಾಗ, ದಾರಿಬಿಡಿ ಎಂದು ಚಾಲಕ ಕೂಗಿದ ಮೇಲೂ ಅಪಘಾತವಾದಾಗ ದಂಡವಿಲ್ಲವೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯ ಪಟ್ಟಿಮಾಡುತ್ತದೆ. ಅದಾದ ಮೇಲೆ ಬರುವ ನಿಯಮ ಇನ್ನೂ ಕುತೂಹಲಕರ: ಚಾಲಕನ ಅಕುಶಲತೆಯಿಂದ ಗಾಡಿ ದಾರಿತಪ್ಪಿ ಹಾನಿಯಾದರೆ ಇನ್ನೂರು ಪಣಗಳ ದಂಡ ಒಡೆಯನಿಗೆ, ಚಾಲಕ ಕುಶಲನಾಗಿದ್ದು ಅಜಾಗರೂಕನಾಗಿದ್ದರೆ ದಂಡ ಚಾಲಕನಿಗೆ. ಕಲಿಯದವನನ್ನು ಕೂರಿಸಿದ ಹೊಣೆ ಕೂರಿಸಿದವನದು ಎಂಬ ಈ ವಿವೇಕವನ್ನು ಎರಡು ಸಾವಿರ ವರ್ಷಗಳಷ್ಟು ಹಳೆಯ ಗ್ರಂಥವೊಂದು ಇಷ್ಟು ಸರಳವಾಗಿ ಹೇಳಿರುವಾಗ, ತರಬೇತಿಯಿಲ್ಲದ ಹುಡುಗನ ಕೈಗೆ ನಾಲ್ಕು ಟನ್ನಿನ ಯಂತ್ರದ ಕೀಲಿ ಕೊಡುವ ಇಂದಿನ ಗುತ್ತಿಗೆದಾರನನ್ನು ಆಧುನಿಕನೆನ್ನುವುದು ಕಷ್ಟ.

ಯಾಜ್ಞವಲ್ಕ್ಯಸ್ಮೃತಿಯೂ ಗಾಡಿಯ ಒಡೆಯನಿಗೆ ಇಂಥ ವಿನಾಯಿತಿಗಳನ್ನು ಕೊಡುತ್ತದೆ. ಅದಕ್ಕೆ ಮಿತಾಕ್ಷರವೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು, ಇಂದಿನ ಬಸವಕಲ್ಯಾಣದ ನೆಲದವನು. ಆ ಸ್ಮೃತಿಯಲ್ಲಿ ಹಿಂದಕ್ಕೆ ಸರಿಯುವ ಗಾಡಿಯಿಂದಾದ ಹಾನಿಗೆ ಒಡೆಯ ದೋಷಿಯಲ್ಲ, ಏಕೆಂದರೆ ಗಾಡಿ ಹಿಂದಕ್ಕೆ ಸರಿಯುವುದು ಆ ಕಾಲಕ್ಕೆ ಆಕಸ್ಮಿಕ. ಹಿಮ್ಮುಖ ಓಟವನ್ನೇ ದಿನದ ರೂಢಿಯಾಗಿ ಮಾಡಿಕೊಂಡ ಯಂತ್ರ ಬಂದಾಗ ಅದೇ ವಿನಾಯಿತಿಯ ಕಾರಣ ಕಳಚಿಬೀಳುತ್ತದೆ. ಹಿಂದೆ ದೈವದ ಪಾಲಿನಲ್ಲಿದ್ದದ್ದು ಯಂತ್ರದ ರಚನೆಯ ಪಾಲಿಗೆ ಬಂದಿದೆ. ಕೋರೆ, ಕೊಂಬುಗಳುಳ್ಳ ಪ್ರಾಣಿ ಒಬ್ಬನ ಮೇಲೆ ಎರಗುತ್ತಿರುವಾಗ ಬಿಡಿಸುವ ಶಕ್ತಿಯಿದ್ದೂ ಬಿಡಿಸದ ಒಡೆಯನಿಗೆ ಅದೇ ಗ್ರಂಥ ದಂಡ ಹೇಳಿ, ಸಿಕ್ಕಿಕೊಂಡವನು ಕೂಗಿಕೊಂಡಿದ್ದರೆ ದಂಡ ಇಮ್ಮಡಿ ಎನ್ನುತ್ತದೆ. ಬ್ರೇಕು ಹಿಡಿಯುತ್ತಿಲ್ಲವೆಂದು ಪಾಳಿಯ ಪುಸ್ತಕದಲ್ಲಿ ಬರೆದಿಟ್ಟ ದೂರನ್ನೂ ಒಂದು ಬಗೆಯ ಕೂಗೆಂದು ಎಣಿಸಬಹುದಾದರೆ ಈ ನಿಯಮದ ಬೆಲೆ ತಿಳಿಯುತ್ತದೆ. ಮುಖ್ಯವಾಗಿ, ನೋವುಂಟುಮಾಡಿದವನು ರಾಜನಿಗೆ ದಂಡ ತೆರುವುದರ ಜೊತೆಗೆ ನೊಂದವನು ಎದ್ದು ಓಡಾಡುವಂತಾಗುವವರೆಗಿನ ವೆಚ್ಚವನ್ನೂ ಕೊಡಬೇಕೆಂದು ಸ್ಮೃತಿಕಾರರು ಹೇಳಿ, ಇದನ್ನು ಸಮುತ್ಥಾನವ್ಯಯವೆಂದು ಕರೆದಿದ್ದಾರೆ. ದಂಡ ಬೇರೆ, ಗಾಯದ ಋಣ ಬೇರೆ ಎಂಬ ಅರಿವು ಇಲ್ಲಿದೆ. ಇದೇ ಗ್ರಂಥಗಳು ಒಂದೇ ಗಾಯಕ್ಕೆ ವರ್ಣವನ್ನು ನೋಡಿ ಬೇರೆಬೇರೆ ದಂಡ ವಿಧಿಸಿದವು ಎಂಬುದನ್ನು ಮರೆಮಾಚಿ ಅವುಗಳ ವಿವೇಕವನ್ನಷ್ಟೇ ಹೊಗಳುವುದು ಪ್ರಾಮಾಣಿಕವಾಗದು. ಯಾರ ಗಾಯ ಎಂಬ ಪ್ರಶ್ನೆ ಅಲ್ಲಿ ಎಂತಹ ಗಾಯ ಎಂಬುದಕ್ಕಿಂತ ಮುಂದೆ ಬರುತ್ತಿತ್ತು.

ಇಂಗ್ಲೆಂಡಿನ ಹಳೆಯ ಕಾನೂನು ಕರ್ತೃತ್ವವನ್ನು ಯಂತ್ರಕ್ಕೇ ಕೊಟ್ಟು ನೋಡಿತು. ಮನುಷ್ಯನ ಸಾವಿಗೆ ಕಾರಣವಾದ ಗಾಡಿ, ಗಾಲಿ, ಎತ್ತು ಇಲ್ಲವೇ ಅದರ ಬೆಲೆ ದೇವರಿಗೆ ಸಲ್ಲಬೇಕಾದದ್ದು ಎಂಬ ಭಾವನೆಯಿಂದ ದೊರೆ ಅದನ್ನು ವಶಪಡಿಸಿಕೊಂಡು ಧರ್ಮಕಾರ್ಯಕ್ಕೆ ಬಳಸುವ ಪದ್ಧತಿ ಅಲ್ಲಿತ್ತು, ಅದನ್ನು ಡಿಯೋಡಂಡ್ ಎನ್ನುತ್ತಿದ್ದರು. ಶತಮಾನಗಳ ಕಾಲ ಹೆಸರಿಗಷ್ಟೇ ಎಂಬಂತಿದ್ದ ಈ ಪದ್ಧತಿ ರೈಲು ಬಂದಮೇಲೆ ಮತ್ತೆ ಹರಿತವಾಯಿತು: 1841ರ ಡಿಸೆಂಬರಿನಲ್ಲಿ ಸಾನಿಂಗ್ ಎಂಬಲ್ಲಿ ಮಣ್ಣಿನ ರಾಶಿಗೆ ರೈಲು ಹೊಡೆದು ಕೂಲಿಕಾರರು ಸತ್ತಾಗ ಪಂಚರು ಎಂಜಿನ್ನು ಮತ್ತು ಗಾಡಿಗಳ ಮೇಲೆ ಸಾವಿರ ಪೌಂಡಿನ ಡಿಯೋಡಂಡ್ ವಿಧಿಸಿದರು. 1846ರಲ್ಲಿ ಪಾರ್ಲಿಮೆಂಟು ಈ ಪದ್ಧತಿಯನ್ನು ರದ್ದುಮಾಡಿ, ಅದೇ ವರ್ಷ ಮೃತರ ಅವಲಂಬಿತರಿಗೆ ದಾವೆ ಹೂಡುವ ಹಕ್ಕನ್ನು ಕೊಟ್ಟಿತು. ದೇವರ ಪಾಲು ಹೋಗಿ ವಿಧವೆಯ ಪಾಲು ಬಂದಿತು, ಆದರೆ ತಪ್ಪನ್ನು ರುಜುವಾತುಪಡಿಸುವ ಷರತ್ತಿನೊಡನೆ. ಕರ್ನಾಟಕದ ಕಾರ್ಖಾನೆಗಳಲ್ಲಿ ಆಯುಧಪೂಜೆಯ ದಿನ ಫೋರ್ಕ್‌ಲಿಫ್ಟಿಗೂ ಅರಿಶಿನ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಗಾಲಿಗೆ ನಿಂಬೆಹಣ್ಣಿಟ್ಟು ಓಡಿಸುವುದುಂಟು. ಯಂತ್ರಕ್ಕೂ ಒಂದು ಶಕ್ತಿಯಿದೆ, ಅದು ಮುನಿಯಬಹುದು ಎಂಬ ಈ ಭಾವವನ್ನು ಮೂಢವೆಂದು ತಳ್ಳಬೇಕಾಗಿಲ್ಲ. ಕರಣವೂ ಒಂದು ಕಾರಣವೆಂದು ಅದು ಒಪ್ಪುತ್ತದೆ. ಪೂಜೆ ಮಾಡಿದವರು ಮರುದಿನ ಅದರ ಸರಪಳಿ, ಬ್ರೇಕುಗಳನ್ನು ನೋಡಿದರೆ ಸರಿ.

ಮಾಲೀಕ ಮತ್ತು ಕೆಲಸಗಾರನ ನಡುವಿನ ಮೊಕದ್ದಮೆಗಳಿಗೆ ದಾರಿ ತೋರಿಸಿದ್ದು, ಅಥವಾ ದಾರಿ ಮುಚ್ಚಿದ್ದು, ಇಂಗ್ಲೆಂಡಿನ 1837ರ ಪ್ರೀಸ್ಟ್ಲಿ ಮತ್ತು ಫೌಲರ್ ಪ್ರಕರಣ. ಕಟುಕನೊಬ್ಬನ ಬಳಿ ಕೆಲಸಕ್ಕಿದ್ದ ಹುಡುಗ, ಮಿತಿಮೀರಿ ಹೇರಿದ ಬಂಡಿ ಮುರಿದುಬಿದ್ದು ತೊಡೆ ಮುರಿದುಕೊಂಡ. ಅಪಾಯ ಒಡೆಯನಿಗೆ ತಿಳಿದಷ್ಟೇ ಅವನಿಗೂ ತಿಳಿದಿತ್ತು, ಬೇಡವೆಂದಿದ್ದರೆ ಹತ್ತದೇ ಇರಬಹುದಿತ್ತು ಎಂದಿತು ನ್ಯಾಯಾಲಯ. ಮುಂದೆ ಇಂಥ ಮೊಕದ್ದಮೆಗಳಲ್ಲಿ ಮೂರು ರಕ್ಷಣೆಗಳು ಮಾಲೀಕರಿಗೆ ದೊರೆತವು: ಗಾಯಕ್ಕೆ ಕಾರಣ ಸಹಕಾರ್ಮಿಕನಾದರೆ ಒಡೆಯ ಹೊಣೆಯಲ್ಲ, ಗಾಯಗೊಂಡವನದೂ ಕಿಂಚಿತ್ ತಪ್ಪಿದ್ದರೆ ಹೊಣೆಯಿಲ್ಲ, ಅಪಾಯವನ್ನು ಅರಿತು ಕೆಲಸಕ್ಕೆ ಬಂದವನು ಅದನ್ನು ಒಪ್ಪಿಯೇ ಬಂದಿದ್ದಾನೆ. ಮೂರರ ತಳದಲ್ಲೂ ಇರುವುದು ಕೆಲಸಗಾರ ಪೂರ್ಣ ಸ್ವತಂತ್ರ ಕರ್ತೃ ಎಂಬ ನಂಬಿಕೆ. ಹಸಿವಿನಿಂದ ಬಂದ ಒಪ್ಪಿಗೆಯನ್ನು ಸ್ವಾತಂತ್ರ್ಯವೆಂದು ಎಣಿಸಿದ ಈ ತತ್ತ್ವಜ್ಞಾನ ಪ್ರಾರಬ್ಧವಾದಕ್ಕಿಂತ ಹೆಚ್ಚು ನಾಗರಿಕವೆಂದು ತೋರಿದರೂ ಅದು ಮುಟ್ಟುವ ತೀರ್ಮಾನ ಮಾತ್ರ ಒಂದೇ: ಗಾಯ ಗಾಯಗೊಂಡವನದು.

ಈ ಗೋಡೆಯಲ್ಲಿ ಬಿರುಕು ಬಿಟ್ಟ ವರ್ಷ 1884. ಜರ್ಮನಿಯಲ್ಲಿ ಬಿಸ್ಮಾರ್ಕ್ ತಪ್ಪಿನ ಪ್ರಶ್ನೆಯನ್ನು ಕೈಬಿಟ್ಟು ಮಾಲೀಕರ ಸಂಘಗಳೇ ಹಣ ತುಂಬುವ ಅಪಘಾತ ವಿಮೆಯನ್ನು ಕಾನೂನಾಗಿಸಿದ್ದು ಆ ವರ್ಷ. ಜೋತಿರಾವ್ ಫುಲೆಯವರ ಸತ್ಯಶೋಧಕ ಸಮಾಜದ ಕಾರ್ಯಕರ್ತ ನಾರಾಯಣ ಮೇಘಾಜಿ ಲೋಖಂಡೆ ಬೊಂಬಾಯಿಯ ಗಿರಣಿ ಕಾರ್ಮಿಕರನ್ನು ಸೇರಿಸಿ ಸರ್ಕಾರಕ್ಕೆ ಮನವಿ ಸಲ್ಲಿಸಿದ್ದೂ ಅದೇ ವರ್ಷ. ಭಾನುವಾರದ ರಜೆ, ಮಧ್ಯಾಹ್ನದ ಬಿಡುವುಗಳ ಜೊತೆಗೆ, ಕೆಲಸದಲ್ಲಿ ಗಾಯಗೊಂಡವನಿಗೆ ಗುಣವಾಗುವವರೆಗೆ ಪೂರ್ಣ ಕೂಲಿ, ಶಾಶ್ವತವಾಗಿ ಅಂಗಹೀನನಾದವನಿಗೆ ಜೀವನೋಪಾಯ ಎಂಬ ಬೇಡಿಕೆ ಅದರಲ್ಲಿತ್ತು. ಮನುಷ್ಯರ ನಡುವಿನ ಸ್ಥಾನಭೇದವನ್ನು ಪೂರ್ವಕರ್ಮದಿಂದ ವಿವರಿಸುವುದನ್ನು ನಿರಾಕರಿಸಿದ ಒಂದು ಧಾರ್ಮಿಕ ಸುಧಾರಣೆಯ ಒಳಗಿನಿಂದ ಈ ಬೇಡಿಕೆ ಬಂದದ್ದು ಕಾಕತಾಳೀಯವಲ್ಲ. ಇಂಗ್ಲೆಂಡು 1897ರಲ್ಲಿ, ಭಾರತ 1923ರಲ್ಲಿ ಈ ತತ್ತ್ವವನ್ನು ಕಾನೂನಾಗಿಸಿದವು. ಹಳೆಯ ರಕ್ಷಣೆಗಳಲ್ಲಿ ಸಹಕಾರ್ಮಿಕನದು ಸಿವಿಲ್ ದಾವೆಗಳಿಂದ ತೊಲಗಲೂ, ಅಪಾಯವನ್ನು ಒಪ್ಪಿದ್ದಾನೆಂಬುದು ಬಿಗಿಯಾದ ಮಿತಿಗೆ ಒಳಪಡಲೂ 1938ರ ಮಾಲೀಕರ ಹೊಣೆಗಾರಿಕೆ ಕಾಯಿದೆ ಬರಬೇಕಾಯಿತು.

ಇಷ್ಟಾದರೂ ಪರಿಹಾರದ ಕಾನೂನಿನಲ್ಲಿ ಕೆಲಸಗಾರನ ತಪ್ಪು ಪೂರ್ತಿಯಾಗಿ ಅಳಿಸಿಹೋಗಿಲ್ಲ. ಮದ್ಯದ ಅಮಲಿನಲ್ಲಿದ್ದಾಗ, ಸುರಕ್ಷತೆಯ ಸ್ಪಷ್ಟ ಆದೇಶವನ್ನು ಬೇಕೆಂದೇ ಮೀರಿದಾಗ, ಕಾಪುಪಟ್ಟಿಯನ್ನು ಬೇಕೆಂದೇ ತೆಗೆದುಹಾಕಿದಾಗ ಆದ ಗಾಯಕ್ಕೆ ಪರಿಹಾರವಿಲ್ಲ. ಆದರೆ ಈ ವಿನಾಯಿತಿಗೂ ಒಂದು ಗಡಿಯಿದೆ: ಸಾವು ಅಥವಾ ಶಾಶ್ವತವಾದ ಪೂರ್ಣ ಅಂಗವೈಕಲ್ಯ ಸಂಭವಿಸಿದ್ದರೆ ಇವುಗಳಲ್ಲಿ ಯಾವುದನ್ನೂ ಮುಂದೊಡ್ಡುವಂತಿಲ್ಲ. ತಪ್ಪಿಗೆ ತಕ್ಕ ಫಲವೆಂಬ ನೀತಿಯನ್ನು ನಂಬಿದವರಿಗೆ ಇದು ತಲೆಕೆಳಗಾದ ಲೆಕ್ಕವಾಗಿ ಕಾಣುತ್ತದೆ, ಏಕೆಂದರೆ ಸಣ್ಣ ಗಾಯದಲ್ಲಿ ತೂಗುವ ತಪ್ಪನ್ನು ದೊಡ್ಡ ಗಾಯದಲ್ಲಿ ತೂಗುವುದಿಲ್ಲ. ಆದರೂ ಕಾಯಿದೆಯ ಇಡೀ ಪಠ್ಯದಲ್ಲಿ ಕರುಣೆಗೆ ಅತ್ಯಂತ ಸಮೀಪವಾದ ಜಾಗ ಇದು: ನಷ್ಟ ಒಂದು ಮಟ್ಟವನ್ನು ಮೀರಿದ ಮೇಲೆ ಅರ್ಹತೆಯನ್ನು ವಿಚಾರಿಸುವುದೇ ಅನುಚಿತವೆಂದು ಅದು ಭಾವಿಸುತ್ತದೆ.

ಗಾಯವನ್ನು ಹಣದಲ್ಲಿ ಅಳೆಯುವ ಪ್ರಶ್ನೆ ಇದಕ್ಕಿಂತ ತೊಡಕಿನದು. 1923ರ ಕಾಯಿದೆಯ ಮೊದಲನೆಯ ಅನುಸೂಚಿ ಮನುಷ್ಯನ ದೇಹವನ್ನು ಶೇಕಡಾವಾರು ಬಿಡಿಸಿಟ್ಟಿತು: ಹೆಬ್ಬೆರಳಿಗೆ 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರಬೆರಳಿಗೋ ಕಿರುಬೆರಳಿಗೋ 7, ಒಂದು ಕಣ್ಣಿಗೆ 40. ಪೂರ್ಣ ವೈಕಲ್ಯಕ್ಕೆ ತಿಂಗಳ ಕೂಲಿಯ ಶೇ. 60ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 2020ರ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 15,000 ರೂಪಾಯಿ, ಮೂವತ್ತು ವರ್ಷದವನ ಗುಣಕ 207.98. ಹೀಗೆ ಆ ವಯಸ್ಸಿನವನ ಪೂರ್ಣ ವೈಕಲ್ಯಕ್ಕೆ 18,71,820 ರೂಪಾಯಿ, ಹೆಬ್ಬೆರಳಿಗೆ 5,61,546, ಕಿರುಬೆರಳಿಗೆ 1,31,027. ಘನತೆಯುಳ್ಳದ್ದಕ್ಕೆ ಬೆಲೆಯಿಲ್ಲ, ಬೆಲೆಯುಳ್ಳದ್ದಕ್ಕೆ ಮಾತ್ರ ಬದಲಿ ಇದೆ ಎಂದು ಕಾಂಟ್ 1785ರಲ್ಲಿ ಮಾಡಿದ ವಿಂಗಡಣೆಯ ಎದುರು ಈ ಪಟ್ಟಿ ಅಸಭ್ಯವೆನಿಸುವುದು ಸಹಜ. ಆದರೆ ಬೆಲೆ ಕಟ್ಟದಿದ್ದರೆ ಉಳಿಯುವುದು ಘನತೆಯಲ್ಲ, ಬರಿಗೈ. ಕೇಳಬೇಕಾದ ಪ್ರಶ್ನೆ ಯಾವುದಕ್ಕೆ ಬೆಲೆ ಕಟ್ಟಲಾಗುತ್ತಿದೆ ಎಂಬುದು.

ಇತರ ಧರ್ಮಗಳ ಕಾನೂನುಗಳು ಇಲ್ಲಿ ನೆರವಾಗುತ್ತವೆ. ಆರನೆಯ ಶತಮಾನ ಮುಗಿಯುವ ಹೊತ್ತಿಗೆ ಕ್ರೈಸ್ತನಾದ ಕೆಂಟ್ ದೊರೆ ಎಥೆಲ್ಬರ್ಟನ ಶಾಸನದಲ್ಲಿ ಹೆಬ್ಬೆರಳಿಗೆ 20 ಶಿಲ್ಲಿಂಗ್, ಕಿರುಬೆರಳಿಗೆ 11, ನಡುಬೆರಳಿಗೆ 4 ಎಂಬ ದರಪಟ್ಟಿಯಿದೆ. ಇಸ್ಲಾಮೀ ಧರ್ಮಶಾಸ್ತ್ರ ಇದಕ್ಕೆ ವಿರುದ್ಧ ಹೆಜ್ಜೆಯಿಟ್ಟು, ಜೀವಕ್ಕೆ ನೂರು ಒಂಟೆಯಾದರೆ ಪ್ರತಿ ಬೆರಳಿಗೂ ಹತ್ತು ಒಂಟೆ ಎಂದಿತು; ಹೆಬ್ಬೆರಳು ಕಿರುಬೆರಳುಗಳೆರಡೂ ಸಮವೆಂದು ಹದೀಸ್ ಸ್ಪಷ್ಟವಾಗಿ ಹೇಳುತ್ತದೆ. ದೇಹವನ್ನು ಉಪಯೋಗದಿಂದ ಅಳೆಯದೆ ಕೊಡುಗೆಯೆಂದು ಎಣಿಸಿದಾಗ ಮಾತ್ರ ಇಂಥ ಸಮತೆ ಸಾಧ್ಯ. ಯಹೂದಿಗಳ ಮಿಶ್ನಾ ಗ್ರಂಥ ಗಾಯ ಮಾಡಿದವನು ಐದನ್ನು ತೆರಬೇಕೆನ್ನುತ್ತದೆ: ಅಂಗದ ನಷ್ಟ, ನೋವು, ಚಿಕಿತ್ಸೆ, ಕೆಲಸವಿಲ್ಲದ ದಿನಗಳು, ಅವಮಾನ. ಇವು ಗಾಯ ಮಾಡಿದವನಿಗೆ ಹೇಳಿದ ನಿಯಮಗಳೇ ಹೊರತು ಮಾಲೀಕನಿಗಲ್ಲ. ಆದರೂ ಇವುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಭಾರತದ ಕಾಯಿದೆ ಏನನ್ನು ಬಿಟ್ಟಿದೆಯೆಂಬುದು ಕಾಣುತ್ತದೆ. ಗಳಿಕೆಯ ಶಕ್ತಿಯ ನಷ್ಟಕ್ಕೂ ತಾತ್ಕಾಲಿಕ ಕೂಲಿನಷ್ಟಕ್ಕೂ ಅದು ಕೊಡುತ್ತದೆ, 2010ರಿಂದ ಚಿಕಿತ್ಸೆಯ ವೆಚ್ಚವನ್ನೂ ಕೊಡುತ್ತದೆ. ನೋವಿಗೂ ಅವಮಾನಕ್ಕೂ ಅದರಲ್ಲಿ ಸಾಲಿಲ್ಲ. ಅದೇ ಗಾಯ ರಸ್ತೆಯ ಮೇಲೆ ಲಾರಿಯಿಂದ ಆಗಿದ್ದರೆ ಮೋಟಾರು ಅಪಘಾತ ನ್ಯಾಯಮಂಡಳಿ ನೋವಿಗೂ ಬೆಲೆ ಕಟ್ಟುತ್ತಿತ್ತು. ಕಾರ್ಖಾನೆಯ ಆವರಣದೊಳಗೆ ಮಾತ್ರ ಬಳಸಲು ರೂಪಿಸಿದ ವಿಶೇಷ ವಾಹನ ಮೋಟಾರು ವಾಹನವಲ್ಲವೆಂದು 1988ರ ಕಾಯಿದೆ ಹೇಳುವುದರಿಂದ, ಗೇಟಿನ ಒಳಗಿನ ನೋವು ಮತ್ತು ಹೊರಗಿನ ನೋವಿಗೆ ಬೇರೆಬೇರೆ ಶಾಸ್ತ್ರಗಳಾಗಿವೆ. ಇದಕ್ಕೆ ಆಡಳಿತದ ಕಾರಣಗಳಿರಬಹುದು, ನೀತಿಯ ಕಾರಣವಂತೂ ಇಲ್ಲ.

ಪಟ್ಟಿಯ ಜಡತೆಯನ್ನು ಸರ್ವೋಚ್ಚ ನ್ಯಾಯಾಲಯ ಒಮ್ಮೆ ಚೆನ್ನಾಗಿ ಮುರಿಯಿತು. ಸಿನಿಮಾ ಮಂದಿರವೊಂದರ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದು ಎಡಗೈಯನ್ನು ಕಳೆದುಕೊಂಡ. ಅನುಸೂಚಿಯ ಪ್ರಕಾರ ಅದು ಭಾಗಶಃ ವೈಕಲ್ಯ. ಒಂದೇ ಕೈಯಿಂದ ಬಡಗಿತನ ಸಾಧ್ಯವಿಲ್ಲವಾದ್ದರಿಂದ ಆತನ ನಷ್ಟ ನೂರಕ್ಕೆ ನೂರು ಎಂದು 1976ರಲ್ಲಿ ವರದಿಯಾದ ಆ ತೀರ್ಪು ಹೇಳಿತು. ಅಂಗವನ್ನು ಕಾಯಕದಿಂದ ಬೇರ್ಪಡಿಸಿ ತೂಗಲಾಗದು ಎಂಬ ಈ ನಿಲುವು ಹನ್ನೆರಡನೆಯ ಶತಮಾನದ ಶರಣರಿಗೆ ಅಪರಿಚಿತವೆನಿಸುತ್ತಿರಲಿಲ್ಲ. ಅಂಬಿಗ, ಮಡಿವಾಳ, ಹಡಪದ ಎಂದು ಕಾಯಕವನ್ನೇ ಹೆಸರಿನ ಭಾಗವಾಗಿಸಿಕೊಂಡವರ ಲೋಕದಲ್ಲಿ ಕೈ ಹೋಗುವುದೆಂದರೆ ಆದಾಯದ ಜೊತೆಗೆ ಪೂಜೆಯ ದಾರಿಯೂ ಹೋಗುವುದು. ನ್ಯಾಯಾಲಯ ಗಳಿಕೆಯ ಭಾಷೆಯಲ್ಲಿ ಮಾತ್ರ ಮಾತಾಡಬಲ್ಲದು, ಆದರೆ ಆ ಬಡಗಿಯ ವಿಷಯದಲ್ಲಿ ಗಳಿಕೆ ಎಂಬುದು ಇನ್ನೂ ದೊಡ್ಡದೊಂದರ ಹೊರಮೈಯಾಗಿತ್ತು.

ಹಣದ ಲೆಕ್ಕಕ್ಕೆ ಸಿಗದೆ ಉಳಿಯುವ ಇನ್ನೊಬ್ಬನಿದ್ದಾನೆ: ಯಂತ್ರವನ್ನು ನಡೆಸುತ್ತಿದ್ದವನು. ತನ್ನ ತಪ್ಪಿಲ್ಲದೆ ಮಗುವೊಂದರ ಮೇಲೆ ಲಾರಿ ಹರಿಸಿದ ಚಾಲಕನ ಮನಃಸ್ಥಿತಿಯನ್ನು ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1976ರ ಪ್ರಬಂಧವೊಂದರಲ್ಲಿ ಪರಿಶೀಲಿಸಿದ. ದಾರಿಹೋಕರ ಮರುಕಕ್ಕಿಂತ ಅವನ ಸಂಕಟ ಬೇರೆ ಬಗೆಯದು, ನಿನ್ನದೇನೂ ತಪ್ಪಿಲ್ಲವೆಂದು ಇತರರು ಸಮಾಧಾನ ಹೇಳುವುದು ಸರಿಯೇ ಆದರೂ ಆತ ಅದನ್ನು ಥಟ್ಟನೆ ಒಪ್ಪಿಬಿಟ್ಟರೆ ಏನೋ ಕೊರತೆಯೆನಿಸುತ್ತದೆ ಎಂಬುದು ಅವನ ಗಮನಿಕೆ. ತಪ್ಪಿಲ್ಲದ ಹೊಣೆಯ ಕಾನೂನು ಈ ಚಾಲಕನ ಮೇಲೆ ಹಣದ ಹೊರೆ ಹಾಕುವುದಿಲ್ಲ, ಅದು ಒಳ್ಳೆಯದೇ. ಆದರೆ ಅವನ ಒಳಗಿನ ಲೆಕ್ಕವನ್ನು ತೀರಿಸುವ ವಿಧಾನವೂ ಅದರ ಬಳಿ ಇಲ್ಲ. ಅರಿಯದೆ ಮಾಡಿದ ಹಿಂಸೆಗೂ ಪ್ರಾಯಶ್ಚಿತ್ತ ಹೇಳಿದ ಧರ್ಮಗ್ರಂಥಗಳನ್ನು ಅತಿಯಾಯಿತೆಂದು ಟೀಕಿಸುವವರು ಈ ಅಗತ್ಯವನ್ನು ಗಮನಿಸಿದಂತಿಲ್ಲ. ಪ್ರಾಯಶ್ಚಿತ್ತ ನೊಂದವನಿಗೆ ಸಲ್ಲುವುದಲ್ಲ, ಮಾಡಿದವನನ್ನು ಮತ್ತೆ ಬದುಕಿಗೆ ಸೇರಿಸುವುದು. ಪರಿಹಾರ ಮತ್ತು ಪ್ರಾಯಶ್ಚಿತ್ತಗಳನ್ನು ಒಂದೇ ಎಂದು ಬಗೆದಾಗಲೆಲ್ಲ ಎರಡೂ ಕೆಟ್ಟಿವೆ: ಹಣ ಕೊಟ್ಟವನು ಪಾಪ ತೊಳೆಯಿತೆಂದುಕೊಳ್ಳುತ್ತಾನೆ, ಪಾಪವಿಲ್ಲವೆಂದು ನಂಬಿದವನು ಹಣ ಕೊಡುವುದಿಲ್ಲ.

ಪರಿಹಾರವನ್ನು ದಾನದಿಂದ ಬೇರ್ಪಡಿಸುವುದು ಇನ್ನೂ ಮುಖ್ಯ, ಏಕೆಂದರೆ ವ್ಯವಹಾರದಲ್ಲಿ ಅದು ದಾನದ ವೇಷದಲ್ಲೇ ಬರುತ್ತದೆ. ಗೋದಾಮಿನ ಹೊರೆಗೆಲಸ ಬಹುಪಾಲು ಗುತ್ತಿಗೆಯಲ್ಲಿರುವುದರಿಂದ ಗಾಯಗೊಂಡವನು ಯಾರ ಕೆಲಸಗಾರ ಎಂಬುದೇ ಮೊದಲ ತಕರಾರು. ಮೂಲ ಮಾಲೀಕನೇ ಮೊದಲು ತೆತ್ತು ಬಳಿಕ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ ಎಂದು 1923ರ ಕಾಯಿದೆಯ ಹನ್ನೆರಡನೆಯ ಪ್ರಕರಣ ಅದಕ್ಕೆ ಉತ್ತರ ಕೊಟ್ಟಿತು. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆನೆಂದು ಕೆಲಸಗಾರ ಬರೆದುಕೊಟ್ಟ ಕರಾರು ಅದೇ ಕಾಯಿದೆಯ ಹದಿನೇಳನೆಯ ಪ್ರಕರಣದಂತೆ ಆ ಮಟ್ಟಿಗೆ ಶೂನ್ಯ; ತ್ಯಾಗವನ್ನು ಇಷ್ಟು ಹೊಗಳುವ ನಾಡಿನಲ್ಲಿ ತ್ಯಾಗಮಾಡಲಾಗದ ಹಕ್ಕೊಂದನ್ನು ಕಾನೂನು ಸೃಷ್ಟಿಸಿದೆ. ಸಾವು ಸಂಭವಿಸಿದಾಗ ಮೇಸ್ತ್ರಿಯೋ ವ್ಯವಸ್ಥಾಪಕನೋ ಶವಾಗಾರದ ಬಾಗಿಲಲ್ಲಿ ಮನೆಯವರ ಕೈಗೆ ಒಂದಿಷ್ಟು ಹಣವಿಟ್ಟು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ರೂಢಿಯನ್ನು ಮುಂಗಂಡೇ ಎಂಬಂತೆ, ಅದರ ಎಂಟನೆಯ ಪ್ರಕರಣ ಪರಿಹಾರದ ಹಣವನ್ನು ಆಯುಕ್ತರ ಬಳಿ ಠೇವಣಿಯಿಡಬೇಕೆಂದಿತು. ಮುಂಗಡವಾಗಿ ಕೊಟ್ಟ ಮೂರು ತಿಂಗಳ ಕೂಲಿಯಷ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬಹುದು. ಅದಕ್ಕೆ ಮೇಲ್ಪಟ್ಟು ನೇರವಾಗಿ ಕೊಟ್ಟದ್ದು ಪರಿಹಾರದ ಪಾವತಿಯೆನಿಸುವುದಿಲ್ಲ. ಕೊಟ್ಟವನ ಮನಸ್ಸಿನಲ್ಲಿ ಅದು ಏನಾಗಿತ್ತೋ ಅದೇ ಆಗಿ, ಅಂದರೆ ದಾನವಾಗಿಯೇ, ಅದು ಉಳಿಯುತ್ತದೆ. ಸಾಲ ಮಾತ್ರ ಅಪಘಾತದ ದಿನದಿಂದ ಪೂರ್ತಿಯಾಗಿ ನಿಂತಿರುತ್ತದೆ, ಒಂದು ತಿಂಗಳು ಕಳೆದ ಮೇಲೆ ಶೇ. 12ರ ಬಡ್ಡಿಯೂ ಅದಕ್ಕೆ ಸೇರುತ್ತದೆ.